ಪ್ಲಿಮತ್ತಿನ ದರ್ಜಿಗೆ ನಾನು ಹೇಳದ ನಾಲ್ಕು ವಾಕ್ಯ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ನಯಾಗರಾ ನೋಡಿದಿರಾ ಎಂಬುದು. ನಾನು ನೋಡಲಿಲ್ಲ. ಮೂರು ತಿಂಗಳಿಗೆಂದು ಹೋದವಳು ಶಿಕಾಗೋ ಪಕ್ಕದ ಒಂದು ಊರು, ಡೆಟ್ರಾಯಿಟ್ ಪಕ್ಕದ ಎರಡು ಊರು, ಒಂದು ದರ್ಜಿ ಅಂಗಡಿ, ಒಂದು ಆಸ್ಪತ್ರೆ ಇಷ್ಟನ್ನೇ ನೋಡಿ ಬಂದೆ. ಕೇಳಿದವರಿಗೆಲ್ಲ ಚೆನ್ನಾಗಿತ್ತು ಎಂದು ಹೇಳಿ ಮುಗಿಸುತ್ತಿದ್ದೆ. ಅಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಬಿಟ್ಟು ಆ ಪ್ರವಾಸದ ಬಗ್ಗೆ ಏನು ಬರೆದರೂ ಸುಳ್ಳಾಗುತ್ತದೆ ಎನ್ನಿಸಿ ಇಷ್ಟು ವರ್ಷ ಬರೆಯದೇ ಇದ್ದೆ.

ನಾನು ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಫ್ರೆಂಚ್ ಕಲಿಸಿದವಳು. ಮೈಸೂರಿನಲ್ಲಿ ಫ್ರೆಂಚ್ ಯಾರಿಗೆ ಬೇಕು ಎಂದು ನನ್ನ ಅಣ್ಣಂದಿರೇ ಕೇಳುತ್ತಿದ್ದರು. ಕಾಲೇಜಿನ ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಹುಡುಗಿಯರು ಮಾತು ನಿಲ್ಲಿಸುತ್ತಿದ್ದರು. ಒಂದು ಸಣ್ಣ ಪದ ತಪ್ಪಿದರೂ ವಾಕ್ಯ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದೆ. ಆ ಗತ್ತು ನನಗಿತ್ತು, ಈಗಲೂ ಸ್ವಲ್ಪ ಇದೆ.

ಡೌನರ್ಸ್ ಗ್ರೋವ್

ಮೊದಲ ಎರಡು ವಾರ ಚಿಕ್ಕಮ್ಮನ ಮಗ ರಘುವಿನ ಮನೆಯಲ್ಲಿದ್ದೆ. ಅವನೂ ಅವನ ಹೆಂಡತಿಯೂ ಬೆಳಗ್ಗೆ ಏಳಕ್ಕೇ ರೈಲು ಹಿಡಿದು ಶಿಕಾಗೋದ ಆಫೀಸುಗಳಿಗೆ ಹೊರಟರೆ ಸಂಜೆಯವರೆಗೆ ಬೀದಿಯಲ್ಲಿ ನರಪಿಳ್ಳೆ ಕಾಣಿಸುತ್ತಿರಲಿಲ್ಲ. ಮೂರನೆಯ ದಿನ ಪಕ್ಕದ ಮನೆಯ ವಯಸ್ಸಾದ ಹೆಂಗಸು ಹೂಗಿಡಕ್ಕೆ ನೀರು ಹಾಕುತ್ತಾ ನನ್ನನ್ನು ಮಾತನಾಡಿಸಿದರು. ನನ್ನ ಸೀರೆ ಚೆನ್ನಾಗಿದೆ ಎಂದರು. ಒಂದು ದಿನ ನೀವು ನಮ್ಮ ಮನೆಗೆ ಬರಲೇಬೇಕು ಎಂದರು.

ನಾನು ಮರುದಿನವೇ ಹೋದೆ. ನಾಲ್ಕು ಗಂಟೆಗೆ, ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು. ಆಕೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದವರು ನನ್ನನ್ನು ನೋಡಿ ಗಾಬರಿಯಾದರು. ರಘುವಿಗೆ ಏನಾದರೂ ಆಯಿತೇ ಎಂದು ಕೇಳಿದರು. ಏನೂ ಆಗಿಲ್ಲ, ನೀವು ಕರೆದಿರಲ್ಲ ಎಂದೆ. ಪಾಪ, ಕೂರಿಸಿ ಸೇಬಿನ ರಸ ಕೊಟ್ಟರು. ಇಬ್ಬರೂ ಕಾಲು ಗಂಟೆ ಗೋಡೆ ಗಡಿಯಾರ ನೋಡಿದೆವು. ಸಂಜೆ ರಘು ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಬರೀ ಮಾತಿಗೆ ಹೇಳುವುದಂತೆ, ತಾರೀಖು ಗಂಟೆ ಹೇಳಿದರೆ ಮಾತ್ರ ಹೋಗಬೇಕಂತೆ.

ಅವತ್ತು ನನಗೆ ನಿಜವಾಗಿ ಅವಮಾನವಾಯಿತು. ನಮ್ಮಲ್ಲೂ ಊಟದ ಹೊತ್ತಿಗೆ ಎದ್ದು ಹೊರಟವರನ್ನು ಊಟ ಮಾಡಿಕೊಂಡು ಹೋಗಿ ಎನ್ನುತ್ತೇವೆ, ಅವರು ಬೇಡ ಎನ್ನುತ್ತಾರೆ, ಇಬ್ಬರಿಗೂ ಸಮಾಧಾನವಾಗುತ್ತದೆ. ಯಾವ ಮಾತನ್ನು ಎಷ್ಟು ನಂಬಬೇಕೆಂಬುದು ಊರೂರಿಗೆ ಬೇರೆ. ನನ್ನ ಪಾಠದಲ್ಲಿ ಅದನ್ನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ನಾರ್ತ್‌ವಿಲ್

ಅಲ್ಲಿಂದ ರೈಲಿನಲ್ಲಿ ಮಿಶಿಗನ್‌ಗೆ ಹೋದೆ. ದಾರಿಯುದ್ದಕ್ಕೂ ಜೋಳದ ಹೊಲ, ಹೊಲದ ನಡುವೆ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಊರಿನ ಹೆಸರು. ಬೋಗಿಯೊಳಗಿನ ಎ.ಸಿ. ಚಳಿಗೆ ನಡುಗುತ್ತಿದ್ದ ನನಗೆ ಎದುರು ಸಾಲಿನ ಮುದುಕರೊಬ್ಬರು ತಮ್ಮ ಕೋಟು ಹೊದೆಸಿ, ಒಂದು ಮಾತೂ ಆಡದೆ ಮತ್ತೆ ಪುಸ್ತಕ ಓದತೊಡಗಿದರು. ಆ ದೇಶದಲ್ಲಿ ನನಗೆ ಹಿಡಿಸಿದ ಗುಣ ಅದು.

ಆನ್ ಆರ್ಬರ್ ನಿಲ್ದಾಣಕ್ಕೆ ಶಾಹೀನ್ ಬಂದಿದ್ದಳು. ಅವಳು ದಾವಣಗೆರೆಯವಳು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಮೂರು ವರ್ಷ ನನ್ನ ಫ್ರೆಂಚ್ ತರಗತಿಯಲ್ಲಿದ್ದಳು. ಈಗ ಅಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಗಂಡ ಇಮ್ತಿಯಾಜ್‌ನದು ಪಕ್ಕದ ಪ್ಲಿಮತ್ತಿನಲ್ಲಿ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಅಳತೆ ಸರಿಪಡಿಸಿ ಕೊಡುವ ಅಂಗಡಿ. ಸುತ್ತಮುತ್ತ ಕಾರು ಬಿಡಿಭಾಗದ ಕಂಪನಿಗಳ ಆಫೀಸುಗಳೇ ಇರುವುದರಿಂದ ಕೋಟು ಪ್ಯಾಂಟುಗಳಿಗೆ ಬರವಿರಲಿಲ್ಲ. ಏಳು ವರ್ಷದ ಮಗಳು ಜೋಯಾ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದಳು, ಇಬ್ಬರಿಗೂ ಅದರಿಂದ ತೊಂದರೆಯಾಗಲಿಲ್ಲ.

ನಾರ್ತ್‌ವಿಲ್‌ನ ಅವರ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಥರ. ಬೆಳಗ್ಗೆ ವಾಕಿಂಗ್ ಹೋಗಿ ಬಂದು ಎರಡು ಸಲ ಬೇರೆಯವರ ಮನೆ ಬಾಗಿಲು ತಳ್ಳಿದೆ. ಎರಡನೆಯ ಸಲ ಬಾಗಿಲು ತೆಗೆದವರು ಕಲಬುರಗಿಯ ಡಾಕ್ಟರು. "ಬರ್ರೀ ಒಳಗ, ಚಾ ಕುಡದು ಹೋಗ್ರಿ" ಎಂದರು. ಡೌನರ್ಸ್ ಗ್ರೋವಿನ ಪಾಠ ಕಲಿತಿದ್ದ ನಾನು ಬೇಡ ಎಂದೆ. ಅವರು ಬೇಜಾರು ಮಾಡಿಕೊಂಡರೆಂದು ಶಾಹೀನ್ ಆಮೇಲೆ ಹೇಳಿದಳು.

ಒಂದು ವಾರ ಕಳೆದ ಮೇಲೆ ಇಮ್ತಿಯಾಜ್ ಊಟಕ್ಕೆ ಕೂತಾಗ ಸಂಕೋಚದಿಂದಲೇ ಒಂದು ವಿಷಯ ತೆಗೆದ. ಅವನ ಅಂಗಡಿಯಲ್ಲಿ, ಹಿಂದೆ ಫ್ರೆಂಚರು ಆಳಿದ ಆಫ್ರಿಕಾದ ಸೆನೆಗಲ್ ದೇಶದ ದರ್ಜಿಯೊಬ್ಬರು ಎಂಟು ತಿಂಗಳಿಂದ ಇದ್ದರು. ಮಸೀದಿಯಲ್ಲಿ ಪರಿಚಯವಾದವರು. ಕೈಕೆಲಸ ಬಂಗಾರ, ಆದರೆ ಬರುವುದು ಫ್ರೆಂಚ್ ಮತ್ತು ತಮ್ಮ ಊರಿನ ಭಾಷೆ. ಗಿರಾಕಿಗಳು ಆಡುವ ಇಂಗ್ಲಿಷ್ ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಕಳೆದ ತಿಂಗಳು ಸಡಿಲ ಮಾಡಬೇಕಾದ ಕೋಟನ್ನು ಬಿಗಿ ಮಾಡಿ ಕೊಟ್ಟಿದ್ದರು. ನಾನು ಮನೆಯಲ್ಲಿ ಸುಮ್ಮನೆ ಕೂತು ಬೇಜಾರಾಗುವುದಕ್ಕಿಂತ ದಿನಕ್ಕೊಂದು ಗಂಟೆ ಬಂದು ಅವರಿಗೆ ಹೇಳಿಕೊಡಬಹುದೇ ಎಂದು ಕೇಳಿದ. ಇಪ್ಪತ್ತಾರು ವರ್ಷ ಕಲಿಸಿದ ಭಾಷೆಗೆ ಮೊದಲ ಬಾರಿ ನಿಜವಾಗಿ ಒಬ್ಬರಿಗೆ ಅಗತ್ಯ ಬಿದ್ದಿತ್ತು. ಮರುದಿನವೇ ಹೊರಟೆ.

ಪ್ಲಿಮತ್

ಅವರ ಹೆಸರು ಮಾಮಾದು. ಐವತ್ತೈದು ದಾಟಿದ ಎತ್ತರದ ಆಳು. ಕುತ್ತಿಗೆಗೆ ಅಳತೆ ಟೇಪು, ತೋಳಿಗೆ ಗುಂಡುಸೂಜಿ ಚುಚ್ಚಿದ ಪಟ್ಟಿ. ನನ್ನನ್ನು ಮದಾಮ್ ಎಂದು ಕರೆದು, ಕೂರಲು ಕುರ್ಚಿ ಒರೆಸಿ ಕೊಟ್ಟರು. ಅವರ ಫ್ರೆಂಚ್ ಕೇಳಿ ನನ್ನ ಗತ್ತು ಸ್ವಲ್ಪ ಇಳಿಯಿತು. ನನ್ನದು ಪುಸ್ತಕದಿಂದ ಎತ್ತಿದ ಫ್ರೆಂಚ್. ಅವರದು ಅಡುಗೆಮನೆ, ಸಂತೆ, ಜಗಳ ಎಲ್ಲ ಕಂಡ ಫ್ರೆಂಚ್.

ನಾನು ಎಂದಿನಂತೆ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಆ ಪಟ್ಟಿಯನ್ನು ಗೌರವದಿಂದ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಕತ್ತರಿಸಿ ಉಳಿದ ಬಟ್ಟೆ ಚೂರೊಂದನ್ನು ತೆಗೆದುಕೊಂಡು, ಅಂಚು ಮಡಿಸಿ ಹೊಲಿದು, ಇದಕ್ಕೆ ಇವರು ಏನೆನ್ನುತ್ತಾರೆ ಎಂದು ಕೇಳಿದರು. ಟೇಕ್ ಅಪ್ ಎಂದೆ. ಚೀಟಿಯಲ್ಲಿ ಬರೆಸಿ, ಅದನ್ನು ಆ ಚೂರಿಗೇ ಸೂಜಿಯಿಂದ ಚುಚ್ಚಿದರು. ಇನ್ನೊಂದು ಚೂರಿಗೆ ಒಳಗಿನಿಂದ ಹೊಲಿಗೆ ಹಾಕಿ ಬಿಗಿ ಮಾಡಿದರು, ಟೇಕ್ ಇನ್. ಹೊಲಿಗೆ ಬಿಚ್ಚಿ ಸಡಿಲ ಮಾಡಿದರು, ಲೆಟ್ ಔಟ್. ಜೇಬು ಕಿತ್ತು ತೆಗೆದರು, ಟೇಕ್ ಔಟ್. ಹತ್ತು ದಿನಗಳಲ್ಲಿ ಮೇಜಿನ ಹಿಂದಿನ ಗೋಡೆಯ ತುಂಬ ಚೀಟಿ ಚುಚ್ಚಿದ ಬಟ್ಟೆ ಚೂರುಗಳು ನೇತಾಡುತ್ತಿದ್ದವು. ಬಂದ ಗಿರಾಕಿಗಳು ಅದೇನೆಂದು ಕೇಳಿ ನಕ್ಕು ಹೋಗುತ್ತಿದ್ದರು.

ಫ್ರೆಂಚ್ ಬಲ್ಲವರಿಗೆ ಇಂಗ್ಲಿಷಿನ ಈ ಕ್ರಿಯಾಪದಗಳು ಕಬ್ಬಿಣದ ಕಡಲೆ. ಫ್ರೆಂಚಿನಲ್ಲಿ ಗಿಡ್ಡ ಮಾಡುವುದಕ್ಕೆ ಒಂದು ಪದ, ಉದ್ದ ಮಾಡುವುದಕ್ಕೆ ಇನ್ನೊಂದು, ಬಿಗಿ ಮಾಡುವುದಕ್ಕೆ ಮತ್ತೊಂದು. ಇಂಗ್ಲಿಷಿನವರು ಟೇಕ್, ಲೆಟ್, ಪುಟ್, ಗೆಟ್ ಎಂಬ ನಾಲ್ಕು ಬಡ ಪದಗಳಿಗೆ ಇನ್, ಔಟ್, ಅಪ್, ಆಫ್ ಎಂದು ಬಾಲ ಅಂಟಿಸಿ ಇಡೀ ಸಂಸಾರ ನಡೆಸುತ್ತಾರೆ. ಕನ್ನಡದವರಿಗೆ ಇದು ಅಷ್ಟು ವಿಚಿತ್ರವಾಗಿ ಕಾಣಬಾರದು. ನಮ್ಮಲ್ಲೂ ಕೊಡು ಬೇರೆ, ಕೊಟ್ಟುಬಿಡು ಬೇರೆ. ಹೇಳು ಬೇರೆ, ಹೇಳಿಕೊ ಬೇರೆ. ಇದನ್ನು ಮಾಮಾದು ಅವರಿಗೆ ಹೇಳಿದಾಗ, ಹಾಗಾದರೆ ನಿಮ್ಮ ಭಾಷೆಯನ್ನು ನಾನು ಸ್ವರ್ಗಕ್ಕೆ ಹೋದ ಮೇಲೆ ಕಲಿಯಲು ಇಟ್ಟುಕೊಳ್ಳುತ್ತೇನೆ ಎಂದರು.

ನುಡಿಗಟ್ಟುಗಳ ಪಾಠವನ್ನು ಅವರು ಹೆಚ್ಚು ಇಷ್ಟಪಡುತ್ತಿದ್ದರು. ತೀರ ದುಬಾರಿಯಾದದ್ದಕ್ಕೆ ಇಂಗ್ಲಿಷಿನವರು ಒಂದು ಕೈ ಒಂದು ಕಾಲು ಹೋಯಿತು ಎನ್ನುತ್ತಾರೆ, ಫ್ರೆಂಚರು ತಲೆಯಲ್ಲಿನ ಕಣ್ಣುಗಳೇ ಹೋದವು ಎನ್ನುತ್ತಾರೆ. ನಮ್ಮಲ್ಲಿ ಬೆಲೆ ಗಗನಕ್ಕೇರುತ್ತದೆ, ಮೈ ಮಾತ್ರ ಪೂರ್ತಿ ಉಳಿಯುತ್ತದೆ ಎಂದೆ. ಅವರು ಸೂಜಿ ಕೆಳಗಿಟ್ಟು ನಕ್ಕರು. ಆ ನಗುವಿನ ನಡುವೆಯೇ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದನ್ನು ಅವತ್ತು ಮೊದಲ ಸಲ ನೋಡಿದೆ.

ಅವರ ಕಥೆಯನ್ನು ಅವರೇ ಹೇಳಿಕೊಂಡರು. ಊರಿನಲ್ಲಿ ಹೆಂಡತಿ, ಒಬ್ಬಳೇ ಮಗಳು ಆವಾ. ಅವರನ್ನು ನೋಡಿ ಆರು ವರ್ಷವಾಗಿತ್ತು. ಅಮೆರಿಕದಲ್ಲಿ ಇರಲು ಕೊಟ್ಟ ಅರ್ಜಿ ಇನ್ನೂ ಕಚೇರಿಯಲ್ಲಿತ್ತು. ಅದು ತೀರ್ಮಾನವಾಗುವ ಮುಂಚೆ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ. ಐದಾರು ವಾರದಲ್ಲಿ ಆವಾಳ ಮದುವೆ. ತಂದೆಯಿಲ್ಲದೇ ನಡೆಯಬೇಕು. ವಿಡಿಯೋ ಕ್ಯಾಸೆಟ್ ಕಳಿಸುತ್ತಾರೆ, ನಿಮ್ಮ ಶಾಹೀನ್ ಮನೆಯಲ್ಲಿ ಕೂತು ನೋಡೋಣ ಎಂದರು. ಅಷ್ಟು ಹೇಳಿ ಮಷೀನ್ ತುಳಿಯತೊಡಗಿದರು.

ಡೆಟ್ರಾಯಿಟ್

ಮಾಮಾದು ಅವರಿಗೆ ಊಟ ಸೇರದಾಯಿತು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಇಮ್ತಿಯಾಜ್ ಬಲವಂತ ಮಾಡಿ ಡೆಟ್ರಾಯಿಟ್‌ನ ಆಸ್ಪತ್ರೆಯೊಂದಕ್ಕೆ ಕಳಿಸಿದ. ಪರೀಕ್ಷೆಗಳೆಲ್ಲ ಮುಗಿದು ಫಲಿತಾಂಶ ಹೇಳುವ ದಿನ ಮಾಮಾದು ನನ್ನನ್ನು ಜೊತೆಗೆ ಬರಲು ಕೇಳಿದರು. ಅವರ ಊರಿನವನೇ ಆದ ದೂರದ ಸಂಬಂಧಿಯೊಬ್ಬ ಡೆಟ್ರಾಯಿಟ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ, ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವನು ಬೇಡ, ನೀವೇ ಬನ್ನಿ ಎಂದರು. ನನ್ನ ಫ್ರೆಂಚಿಗೆ ಸಂದ ಮರ್ಯಾದೆ ಎಂದು ನಾನು ಒಳಗೊಳಗೇ ಬೀಗಿದೆ.

ಆಸ್ಪತ್ರೆಯವರು ಫೋನಿನಲ್ಲಿ ಅನುವಾದ ಮಾಡುವವರನ್ನು ಕೊಡುತ್ತೇವೆ ಎಂದರು. ಮಾಮಾದು ಬೇಡ ಎಂದು ಕಾಗದಕ್ಕೆ ಸಹಿ ಹಾಕಿದರು. ನರ್ಸ್ ನನ್ನತ್ತ ತಿರುಗಿ, ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು, ಒಪ್ಪಿಗೆಯೇ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಭಾಷೆ ಕಲಿಸುವವಳಿಗೆ ಇದನ್ನು ಹೇಳಬೇಕೇ ಎಂದುಕೊಂಡೆ.

ನಮ್ಮ ಆಸ್ಪತ್ರೆಗಳಲ್ಲಿ ಇಂಥ ಸುದ್ದಿ ಹೇಳುವ ಕ್ರಮ ನಿಮಗೆ ಗೊತ್ತು. ಡಾಕ್ಟರು ರೋಗಿಯ ಬೆನ್ನು ತಟ್ಟಿ ಏನಿಲ್ಲ ಎನ್ನುತ್ತಾರೆ, ಆಮೇಲೆ ಮನೆಯವರಲ್ಲಿ ಒಬ್ಬರನ್ನು ಕಣ್ಣಲ್ಲೇ ಹೊರಗೆ ಕರೆಯುತ್ತಾರೆ. ನಮ್ಮಪ್ಪ ಡ್ರಾಯಿಂಗ್ ಮೇಷ್ಟರು. ಅವರಿಗೆ ಕ್ಯಾನ್ಸರ್ ಎಂದು ನಮಗೆಲ್ಲ ಐದು ತಿಂಗಳು ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ. ಹೊಟ್ಟೆಹುಣ್ಣು ಎಂದು ಹೇಳಿದ್ದೆವು. ಔಷಧಿ ಶೀಶೆಯ ಚೀಟಿ ಕೀಳುತ್ತಿದ್ದವಳು ನಾನೇ. ಅವರಿಗೆ ಕೊನೇವರೆಗೂ ಗೊತ್ತಾಗಲಿಲ್ಲ ಎಂದು ಅಮ್ಮ ಇಂದಿಗೂ ತೃಪ್ತಿಯಿಂದ ಹೇಳುತ್ತಾರೆ. ನಾವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದೆಂದು ನಾನೂ ನಂಬಿದ್ದೆ.

ಇಲ್ಲಿನ ವೈದ್ಯೆ ಕುರ್ಚಿಯನ್ನು ಮಾಮಾದು ಅವರ ಮೊಣಕಾಲಿನವರೆಗೆ ಎಳೆದುಕೊಂಡು ಕೂತಳು. ನನ್ನನ್ನು ನೋಡಲಿಲ್ಲ, ಅವರನ್ನೇ ನೋಡಿ ನಿಧಾನವಾಗಿ ಆರು ವಾಕ್ಯ ಹೇಳಿದಳು. ನಿಮ್ಮ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆ, ಅದು ಲಿವರಿಗೂ ಹರಡಿದೆ. ಅದನ್ನು ಟೇಕ್ ಔಟ್ ಮಾಡಲು ಆಗುವುದಿಲ್ಲ. ಔಷಧಿಯಿಂದ ಅದರ ವೇಗ ಕಡಿಮೆಯಾಗಬಹುದು, ಗುಣವಾಗುವುದಿಲ್ಲ. ಕೆಲವು ತಿಂಗಳುಗಳ ಮಾತು, ಅಥವಾ ಇನ್ನೂ ಕಡಿಮೆ. ಇನ್ನು ಕೆಲವು ವಾರದ ಮೇಲೆ ವಿಮಾನದಲ್ಲಿ ಕೂರುವ ಶಕ್ತಿ ನಿಮಗೆ ಇರಲಿಕ್ಕಿಲ್ಲ. ನೋಡಬೇಕಾದ ಜನ ಇದ್ದರೆ ದಯವಿಟ್ಟು ಪುಟ್ ಆಫ್ ಮಾಡಬೇಡಿ, ಮುಂದಕ್ಕೆ ಹಾಕಬೇಡಿ.

ಮಾಮಾದು ನನ್ನ ಕಡೆ ತಿರುಗಿದರು. ಫ್ರೆಂಚಿನ ಕಾಂಸೇರ್ ಇಂಗ್ಲಿಷ್ ಬಾಯಲ್ಲಿ ಕ್ಯಾನ್ಸರ್ ಆದಾಗ ಅವರಿಗೆ ಗುರುತು ಹತ್ತಿರಲಿಲ್ಲ. ನನ್ನ ನಾಲಗೆ ತಾನಾಗಿಯೇ ದಾರಿ ಬದಲಿಸಿತು. ಲಿವರಿನಲ್ಲಿ ತೊಂದರೆ ಇದೆ, ಸ್ವಲ್ಪ ಗಂಭೀರವೇ ಎಂದೆ. ಔಷಧಿ ಬಹಳ ದಿನ ತೆಗೆದುಕೊಳ್ಳಬೇಕು, ಧೈರ್ಯವಾಗಿರಬೇಕು ಎಂದೆ. ಉಳಿದ ನಾಲ್ಕು ವಾಕ್ಯ ಬಾಯಿಗೆ ಬರಲೇ ಇಲ್ಲ. ಅವರು, ಟೇಕ್ ಔಟ್ ಎಂದರಲ್ಲ, ತೆಗೆದುಬಿಡುತ್ತಾರೆಯೇ ಎಂದು ಕೇಳಿದರು. ಸದ್ಯಕ್ಕೆ ಇಲ್ಲವಂತೆ ಎಂದೆ. ಅರ್ಥವಾಯಿತೇ ಎಂದು ವೈದ್ಯೆ ಕೇಳಿದಳು. ಅರ್ಥವಾಯಿತು, ಥ್ಯಾಂಕ್ ಯೂ ಡಾಕ್ಟರ್ ಎಂದು ಅವರು ಇಂಗ್ಲಿಷಿನಲ್ಲೇ ಹೇಳಿದರು. ಅಷ್ಟು ಸಮಾಧಾನವಾಗಿದ್ದ ರೋಗಿಯನ್ನು ವೈದ್ಯೆ ಒಂದು ಗಳಿಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಕಣ್ಣು ತಗ್ಗಿಸಿದೆ.

ಹನ್ನೊಂದು ದಿನ

ಸಂಜೆ ಮನೆಯಲ್ಲಿ, ಆಸ್ಪತ್ರೆಯಲ್ಲಿ ನಡೆದದ್ದನ್ನೂ ನಮ್ಮಪ್ಪನ ವಿಷಯವನ್ನೂ ಹೇಳಿದೆ. ಇಮ್ತಿಯಾಜ್ ಕಣ್ಣು ಒರೆಸಿಕೊಂಡು, ಒಳ್ಳೆಯದು ಮಾಡಿದಿರಿ, ತನ್ನ ತಾಯಿಗೆ ಇಂಥದ್ದೇ ಕಾಯಿಲೆ ಬಂದಾಗ ಆಕೆಗೂ ಹೇಳಿರಲಿಲ್ಲ, ಹೇಳಿದರೆ ಅರ್ಧ ಜೀವ ಅಲ್ಲೇ ಹೋಗುತ್ತದೆ ಎಂದ. ಶಾಹೀನ್ ಪಾತ್ರೆ ತೊಳೆಯುತ್ತಿದ್ದಳು. ತೊಳೆದು ಮುಗಿಸಿ ಕೈ ಒರೆಸಿಕೊಂಡು ನನ್ನೆದುರು ಕೂತಳು.

"ಮೇಡಂ, ಅವ್ರು ನಿಮ್ಮಪ್ಪ ಅಲ್ಲ" ಎಂದಳು. "ಅವ್ರಿಗೋಸ್ಕರ ನೀವು ಡಿಸೈಡ್ ಮಾಡೋ ಹಾಗಿಲ್ಲ."

ನನಗೆ ಸಿಟ್ಟು ಬಂತು. ಹೇಳುವುದು ಸುಲಭ, ಆ ಮುಖ ನೋಡಿಕೊಂಡು ಹೇಳಿ ನೋಡು ಎಂದೆ. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ನಾನು ಎಂದಿನಂತೆ ಅಂಗಡಿಗೆ ಹೋಗುತ್ತಿದ್ದೆ. ಮಾಮಾದು ಆ ದಿನಗಳಲ್ಲಿ ಎಂದಿಗಿಂತ ಹುರುಪಾಗಿದ್ದರು. ಹೆಸರಿಲ್ಲದ ಭಯವೊಂದು ಕಳೆಯಿತು, ಔಷಧಿ ಇದೆಯಲ್ಲ ಎನ್ನುತ್ತಿದ್ದರು. ನೋಡಿದೆಯಾ, ಹೇಳದಿದ್ದುದರಿಂದ ಎಷ್ಟು ಒಳ್ಳೆಯದಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದನೆಯ ದಿನ ಬೆಳಗ್ಗೆ ಹೋದಾಗ ಅವರು ಸಂತೋಷದ ಸುದ್ದಿಯೊಂದನ್ನು ಹೇಳಿದರು. ಆಸ್ಪತ್ರೆಯಿಂದ ಬಂದ ಮೂರು ನಾಲ್ಕು ದಿನಕ್ಕೇ ಊರಿಗೆ ಫೋನ್ ಮಾಡಿ ಆವಾಳ ಮದುವೆಯನ್ನು ಬರುವ ವರ್ಷಕ್ಕೆ ಮುಂದೂಡಲು ಹೇಳಿದ್ದರಂತೆ. ಅಷ್ಟು ಹೊತ್ತಿಗೆ ಔಷಧಿ ಮುಗಿದಿರುತ್ತದೆ, ಕಚೇರಿಯ ಕಾಗದವೂ ಬಂದಿರುತ್ತದೆ, ತಾವೇ ನಿಂತು ಮದುವೆ ಮಾಡಬಹುದು. ಹೆಂಡತಿ ಮೊದಲು ಅತ್ತಳಂತೆ, ಆಮೇಲೆ ಒಪ್ಪಿದಳಂತೆ. ಹುಡುಗ ಮೀನು ಹಿಡಿಯುವ ಹಡಗಿನಲ್ಲಿ ಕೆಲಸ ಮಾಡುವವನು. ಮದುವೆ ಸದ್ಯಕ್ಕಿಲ್ಲ ಎಂದಾದ ಮೇಲೆ ಮೊನ್ನೆ ಹಡಗು ಹತ್ತಿ ಹೋದನಂತೆ. ಮದುವೆಗೆ ನಿಮ್ಮ ಕೋಟನ್ನು ನೀವೇ ಹೊಲಿದುಕೊಳ್ಳಿ ಎಂದು ಆವಾ ತಮಾಷೆ ಮಾಡಿದಳಂತೆ. ಅಷ್ಟನ್ನೂ ಹೇಳಿ, ಬಟ್ಟೆ ಯಾವುದು ತೆಗೆದುಕೊಳ್ಳಲಿ ಎಂದು ನನ್ನನ್ನು ಕೇಳಿದರು.

ಅವರು ಒರೆಸಿ ಕೊಡುತ್ತಿದ್ದ ಆ ಕುರ್ಚಿಯಲ್ಲಿ ಕೂತು, ಮಷೀನ್ ನಿಲ್ಲಿಸಿ ಎಂದೆ. ಆಸ್ಪತ್ರೆಯಲ್ಲಿ ನಾನು ನಿಮಗೆ ಪೂರ್ತಿ ಹೇಳಲಿಲ್ಲ ಎಂದೆ. ಅದು ಕ್ಯಾನ್ಸರ್, ಗುಣವಾಗುವುದಿಲ್ಲ, ವರ್ಷವಲ್ಲ, ತಿಂಗಳುಗಳ ಮಾತು ಎಂದೆ.

ಅವರ ಕೈಯಲ್ಲಿ ಯಾರದೋ ಬೂದು ಬಣ್ಣದ ಪ್ಯಾಂಟಿತ್ತು. ಅದನ್ನು ಮೇಜಿನ ಮೇಲೆ ಹರಡಿ, ಸುಕ್ಕು ತೀಡಿದರು. ಆಮೇಲೆ ದನಿ ಏರಿಸದೆ ಕೇಳಿದರು.

"ಮದಾಮ್, ನಾನು ಒಂದು ಸಣ್ಣ ಪದ ಬಿಟ್ಟರೂ ನೀವು ವಾಕ್ಯವನ್ನು ಮತ್ತೆ ಹೇಳಿಸುತ್ತಿದ್ದಿರಿ. ಡಾಕ್ಟರು ಹೇಳಿದ್ದು ಎಷ್ಟು ವಾಕ್ಯ?"

"ಆರು."

"ಆರನ್ನೂ ಹೇಳಿ. ಮೊದಲು ಅವರ ಭಾಷೆಯಲ್ಲಿ, ಆಮೇಲೆ ನಮ್ಮದರಲ್ಲಿ."

ಹೇಳಿದೆ. ಒಂದೊಂದನ್ನೂ ಇಂಗ್ಲಿಷಿನಲ್ಲಿ ಹೇಳಿ, ನಿಲ್ಲಿಸಿ, ಫ್ರೆಂಚಿನಲ್ಲಿ ಹೇಳಿದೆ. ಪ್ರತಿ ವಾಕ್ಯಕ್ಕೂ ಅವರು ಪಾಠದ ಹೊತ್ತಿನಲ್ಲಿ ಮಾಡುತ್ತಿದ್ದಂತೆಯೇ ತಲೆಯಾಡಿಸಿದರು. ಕೊನೆಯ ವಾಕ್ಯವನ್ನು ಎರಡು ಸಲ ಹೇಳಿಸಿದರು. ಇಪ್ಪತ್ತಾರು ವರ್ಷದಲ್ಲಿ ನನ್ನ ಮುಂದೆ ಕೂತು ಪಾಠ ಒಪ್ಪಿಸಿದ ಹುಡುಗಿಯರಿಗೆ ಹೇಗಾಗುತ್ತಿತ್ತೆಂದು ಆಗ ತಿಳಿಯಿತು. ನಾನು ಅಳುತ್ತಿದ್ದೆ, ಅವರು ಅಳಲಿಲ್ಲ. ಎಲ್ಲ ಮುಗಿದ ಮೇಲೆ, ಈ ಪ್ಯಾಂಟು ಹನ್ನೆರಡು ಗಂಟೆಗೆ ಕೊಡಬೇಕು ಎಂದು ಹೇಳಿ, ಹೊಲಿದು ಮುಗಿಸಿ, ಇಸ್ತ್ರಿ ಮಾಡಿ ತೂಗುಹಾಕಿದರು. ಆಮೇಲೆ ಊರಿಗೆ ಫೋನ್ ಮಾಡಲು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ವಿಮಾನ ನಿಲ್ದಾಣ

ಕಚೇರಿಯ ಕಾಗದದ ಆಸೆ ಬಿಟ್ಟು ಐದನೆಯ ದಿನ ಅವರು ಹೊರಟರು. ಇಮ್ತಿಯಾಜ್ ಕಾರು ಓಡಿಸಿದ. ನಾನು ಬರಲೇ ಎಂದು ಕೇಳಿದ್ದಕ್ಕೆ ಬನ್ನಿ ಎಂದರು, ಆದರೆ ದಾರಿಯುದ್ದಕ್ಕೂ ಹೆಚ್ಚು ಮಾತಾಡಲಿಲ್ಲ. ಕೌಂಟರಿನ ಹುಡುಗಿ ಪೆಟ್ಟಿಗೆಯ ಬಗ್ಗೆ ಏನೋ ಕೇಳಿದಳು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ. ಅವರು ನನ್ನತ್ತ ಅಂಗೈ ತೋರಿಸಿ ತಡೆದು, ತಾವೇ ಇಂಗ್ಲಿಷಿನಲ್ಲಿ ಉತ್ತರ ಹೇಳಿದರು. ವಾಕ್ಯದಲ್ಲಿ ಎರಡು ತಪ್ಪಿದ್ದವು. ಅವಳಿಗೆ ಅರ್ಥವಾಯಿತು.

ಒಳಗೆ ಹೋಗುವಾಗ ಇಮ್ತಿಯಾಜ್‌ನನ್ನು ತಬ್ಬಿಕೊಂಡರು. ನನ್ನೆದುರು ತಮ್ಮ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅದು ಕ್ಷಮೆಯೋ ಬರೀ ಮರ್ಯಾದೆಯೋ ನನಗೆ ಗೊತ್ತಾಗಲಿಲ್ಲ, ಕೇಳುವ ಯೋಗ್ಯತೆ ನನಗಿತ್ತೆಂದೂ ಅನ್ನಿಸಲಿಲ್ಲ. ಕೋಟು ಅವರ ಹೆಗಲಿನಿಂದ ಸಡಿಲವಾಗಿ ಜೋತುಬಿದ್ದಿತ್ತು.

ಮತ್ತೆ ನಾರ್ತ್‌ವಿಲ್

ಮದುವೆಯನ್ನು ಮತ್ತೆ ಹತ್ತಿರಕ್ಕೆ ತರಲು ಊರಿನವರು ಪ್ರಯತ್ನಪಟ್ಟರು. ಆದರೆ ಹುಡುಗ ಸಮುದ್ರದ ಮೇಲಿದ್ದ, ಹಡಗು ಅವನಿಗಾಗಿ ತಿರುಗುವಂತಿರಲಿಲ್ಲ. ಅವನು ದಡ ಮುಟ್ಟುವುದಕ್ಕೆ ಒಂಬತ್ತು ದಿನ ಇರುವಾಗ ಮಾಮಾದು ತೀರಿಕೊಂಡರು. ನಾನು ಅವತ್ತೇ ಹೇಳಿದ್ದರೆ ಮದುವೆ ಮೊದಲು ನಿಶ್ಚಯಿಸಿದ ದಿನಕ್ಕೇ ನಡೆಯುತ್ತಿತ್ತು, ಅವರು ಅಲ್ಲಿರುತ್ತಿದ್ದರು. ಎಷ್ಟು ಸಲ ಎಣಿಸಿದರೂ ಆ ದಿನಗಳು ಬದಲಾಗುವುದಿಲ್ಲ.

ನಾನು ಮೈಸೂರಿಗೆ ಹೊರಡುವ ವಾರ, ಬೆಳಗ್ಗೆ ಹತ್ತರ ಸುಮಾರಿಗೆ ಶಾಹೀನ್ ಮನೆಗೆ ಫೋನ್ ಬಂತು. ಆವಾ ಮಾತಾಡುತ್ತಿದ್ದಳು. ಮೊದಲು ಇಮ್ತಿಯಾಜ್‌ನ ಮನೆಯವರಿಗೆಲ್ಲ ಕೃತಜ್ಞತೆ ಹೇಳಿ, ಆಮೇಲೆ ಫ್ರೆಂಚ್ ಪ್ರೊಫೆಸರ್ ಬೇಕು ಎಂದಳಂತೆ. ರಿಸೀವರ್ ತೆಗೆದುಕೊಂಡೆ. ಅವಳ ಹಿಂದೆ ಹೆಂಗಸರ ದನಿಗಳು, ಪಾತ್ರೆಗಳ ಸದ್ದು ಕೇಳುತ್ತಿತ್ತು. ಅಪ್ಪ ಇಪ್ಪತ್ತೆರಡು ದಿನ ತಮ್ಮ ಜೊತೆಗಿದ್ದರು ಎಂದಳು. ಅಂಗಳದಲ್ಲಿ ಮಂಚ ಹಾಕಿಸಿಕೊಂಡು, ಬಂದವರನ್ನೆಲ್ಲ ಮಾತಾಡಿಸಿ, ಮುಗಿಯದ ಜಗಳಗಳನ್ನು ಮುಗಿಸಿಕೊಂಡರಂತೆ. ಡಾಕ್ಟರ ಮಾತನ್ನು ಒಂದು ಪದವೂ ಬಿಡದೆ ನನಗೆ ಹೇಳಿದವರು ಆ ಮದಾಮ್ ಎಂದು ಎಲ್ಲರ ಮುಂದೆ ಹೇಳುತ್ತಿದ್ದರಂತೆ. ಅದಕ್ಕೆ ಕೃತಜ್ಞತೆ ಹೇಳಲು ಫೋನ್ ಮಾಡಿದೆ ಎಂದಳು.

ಸುಮ್ಮನಿದ್ದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮಾಮಾದು ನನ್ನ ತಪ್ಪನ್ನು ಮನೆಯವರಿಂದ ಮುಚ್ಚಿಟ್ಟು ಹೋಗಿದ್ದರು. ನಾನು ಹೇಳಿದೆ. ಮೊದಲ ಸಲ ನಾಲ್ಕು ವಾಕ್ಯ ಬಿಟ್ಟೆ, ಹನ್ನೊಂದು ದಿನ ಬಿಟ್ಟೆ, ನಿನ್ನ ಮದುವೆ ತಪ್ಪಿದ್ದು ಅದರಿಂದ ಎಂದೆ. ಏಕೆ ಎಂದು ಕೇಳಿದಳು. ನಮ್ಮಲ್ಲಿ ಇಂಥದ್ದನ್ನು ರೋಗಿಗೆ ಹೇಳುವುದಿಲ್ಲ, ಮನೆಯವರು ಮುಚ್ಚಿಡುತ್ತಾರೆ, ನನ್ನ ತಂದೆಗೂ ಹಾಗೇ ಮಾಡಿದೆವು ಎಂದೆ. ಕ್ಷಮಿಸು ಎಂದು ಕೇಳಲು ಬಾಯಿ ಬರಲಿಲ್ಲ.

"ನಮ್ಮಲ್ಲೂ ಹೇಳುವುದಿಲ್ಲ, ಮದಾಮ್" ಎಂದಳು ಆವಾ. "ಅಪ್ಪನಿಗೂ ಅದು ಗೊತ್ತಿತ್ತು. ಅದಕ್ಕೇ ಅವರು ನಮ್ಮವರನ್ನು ಬಿಟ್ಟು ನಿಮ್ಮನ್ನು ಕರೆದುಕೊಂಡು ಹೋದದ್ದು."